ಲೇತಿನಲ್ಲಿ ಷಟ್ಕೋನ ಸರಳಿನ ಹಿಡಿತ

ಹೈಡ್ರಾಲಿಕ್ ಪೈಪಿನ ನಿಪ್ಪಲ್, ಗ್ಯಾಸ್ ವಾಲ್ವಿನ ಮೈ, ಹಿತ್ತಾಳೆಯ ಅಡಾಪ್ಟರ್, ಅಂಗಡಿಯಲ್ಲಿ ಸಿಗದ ಅಳತೆಯ ಬೋಲ್ಟು ಮತ್ತು ನಟ್ಟು, ಇವೆಲ್ಲದರಲ್ಲೂ ಒಂದು ಭಾಗ ದುಂಡಗಿರಬೇಕು, ಇನ್ನೊಂದು ಭಾಗಕ್ಕೆ ಸ್ಪ್ಯಾನರ್ ಕೂರಬೇಕು. ದುಂಡು ಸರಳಿನಿಂದ ಹೊರಟರೆ ಸ್ಪ್ಯಾನರ್ ಕೂರುವ ಆರು ಮುಖಗಳನ್ನು ಮಿಲ್ಲಿಂಗ್ ಯಂತ್ರದಲ್ಲಿ ಬೇರೆಯಾಗಿ ತೆಗೆಯಬೇಕಾಗುತ್ತದೆ. ಎದುರುಬದುರು ಮುಖಗಳ ನಡುವೆ 24 ಮಿ.ಮೀ. ಇರುವ ಷಟ್ಕೋನಕ್ಕೆ 28 ಮಿ.ಮೀ. ವ್ಯಾಸದ ದುಂಡು ಬೇಕು. ಅದರ ಐದರಲ್ಲಿ ಸುಮಾರು ಒಂದು ಪಾಲು ಲೋಹ ಬರೀ ಚಿಪ್ಪಾಗಿ ಹೋಗುತ್ತದೆ. ಷಟ್ಕೋನ ಸರಳಿನಿಂದಲೇ ಹೊರಟರೆ ಮುಖಗಳು ಸಿದ್ಧವಾಗಿಯೇ ಬಂದಿರುತ್ತವೆ, ಲೇತಿನ ಕೆಲಸ ಮುಗಿದರೆ ಜಾಬ್ ಮುಗಿದಂತೆ. ಈ ಅನುಕೂಲದ ಜೊತೆಗೇ ಒಂದು ನಂಬಿಕೆಯೂ ಕಾರ್ಯಾಗಾರಗಳಲ್ಲಿ ಬೇರೂರಿದೆ: ಷಟ್ಕೋನ ಸರಳು ಚಕ್ಕಿನೊಳಗೆ ತಿರುಗಿ ಜಾರಲಾರದು, ಆದ್ದರಿಂದ ಅದನ್ನು ಹಿಡಿಯುವುದು ದುಂಡನ್ನು ಹಿಡಿಯುವುದಕ್ಕಿಂತ ಸುಲಭ ಎಂದು. ಇದು ಅರ್ಧ ಮಾತ್ರ ನಿಜ. ದುಂಡು ಸರಳಿನ ಭದ್ರತೆ ಮುಖ್ಯವಾಗಿ ಚಕ್ಕನ್ನು ಎಷ್ಟು ಬಿಗಿ ಮಾಡಿದ್ದೇವೆ ಎಂಬುದರ ಮೇಲೆ ನಿಂತಿದೆ. ಷಟ್ಕೋನದ ಭದ್ರತೆ ಅದಕ್ಕೂ ಮೊದಲು ಜಾ ಎಲ್ಲಿ ಕೂತಿದೆ, ಎಷ್ಟು ಅಗಲಕ್ಕೆ ಕೂತಿದೆ ಎಂಬುದರ ಮೇಲೆ ನಿಂತಿದೆ. ಕೂರುವ ಜಾಗ ತಪ್ಪಿದರೆ ಎಷ್ಟು ಬಿಗಿ ಮಾಡಿದರೂ ಅದು ಬಿಗಿಯಲ್ಲ.

ಮೊದಲು ಆಕಾರವನ್ನು ನೋಡಬೇಕು. ಸಮ ಷಟ್ಕೋನದ ಆರು ಮುಖಗಳು ಒಂದಕ್ಕೊಂದು 60 ಡಿಗ್ರಿ ತಿರುಗಿ ನಿಂತಿವೆ. ಒಂದು ಬಿಟ್ಟು ಒಂದರಂತೆ ಮೂರು ಮುಖಗಳನ್ನು ಆಯ್ದರೆ ಅವುಗಳ ನಡುವೆ 120 ಡಿಗ್ರಿ. ತ್ರೀ ಜಾ ಚಕ್ಕಿನ ಮೂರು ಜಾಗಳ ನಡುವೆ ಇರುವುದೂ ಅಷ್ಟೇ. ಒಳಗಿನ ಸುರುಳಿ ತಟ್ಟೆ, ಅಂದರೆ ಸ್ಕ್ರೋಲ್, ತಿರುಗಿದಾಗ ಮೂರೂ ಜಾಗಳು ಒಟ್ಟಿಗೆ, ಒಂದೇ ದೂರ ಒಳಸರಿಯುತ್ತವೆ. ಹಾಗಾಗಿ ಮೂರು ಪರ್ಯಾಯ ಮುಖಗಳನ್ನು ಹಿಡಿದ ಕೂಡಲೇ ಸರಳು ತಾನಾಗಿ ನಡುವಿಗೆ ಬರುತ್ತದೆ. ಪ್ರತಿ ಲೇತಿನ ಜೊತೆಗೂ ಬರುವ ಈ ಸಾಮಾನ್ಯ ಚಕ್ಕು ಷಟ್ಕೋನಕ್ಕೆ ಇಷ್ಟು ಚೆನ್ನಾಗಿ ಹೊಂದುವುದು ಟರ್ನರ್‌ನ ಭಾಗ್ಯವೇ ಸರಿ. ಆದರೆ ಅದೇ ಲೆಕ್ಕದಲ್ಲಿ ಅಪಾಯವೂ ಅಡಗಿದೆ. ಎರಡು ಮುಖಗಳು ಸೇರುವ ಏಣುಗಳೂ ಆರಿವೆ, ಒಂದು ಬಿಟ್ಟು ಒಂದು ಏಣಿನ ನಡುವೆಯೂ 120 ಡಿಗ್ರಿಯೇ ಇದೆ. ಸರಳನ್ನು ಗಮನಿಸದೆ ತೂರಿಸಿ ಚಕ್ ಕೀ ತಿರುವಿದರೆ ಮೂರು ಜಾಗಳೂ ಮೂರು ಏಣುಗಳ ನೆತ್ತಿಯ ಮೇಲೆ ಕೂತುಬಿಡಬಹುದು. ಆಗಲೂ ಕೀ ಬಿಗಿಯಾಗಿ ನಿಲ್ಲುತ್ತದೆ, ಕೈಯಲ್ಲಿ ಅಲ್ಲಾಡಿಸಿದರೆ ಸರಳು ಅಲುಗುವುದಿಲ್ಲ, ಬರಿಗಣ್ಣಿಗೆ ನಡುವಿನಲ್ಲಿಯೇ ಇರುವಂತೆ ಕಾಣುತ್ತದೆ.

ಈ ಸುಳ್ಳು ಹಿಡಿತ ಎಷ್ಟು ಕೆಟ್ಟದ್ದೆಂಬುದನ್ನು ಅಳತೆಯೇ ಹೇಳುತ್ತದೆ. ಷಟ್ಕೋನದಲ್ಲಿ ಏಣಿನಿಂದ ಏಣಿಗೆ ಇರುವ ದೂರ ಮುಖದಿಂದ ಮುಖಕ್ಕೆ ಇರುವ ದೂರದ 1.155ರಷ್ಟು. 24 ಮಿ.ಮೀ. ಸರಳಿನಲ್ಲಿ ನಡುವಿನಿಂದ ಮುಖಕ್ಕೆ 12 ಮಿ.ಮೀ., ಏಣಿಗೆ 13.86 ಮಿ.ಮೀ. ಏಣಿನ ಮೇಲೆ ಕೂತ ಜಾ ಟೂಲಿನ ಒಂದು ಏಟಿಗೆ ಪಕ್ಕಕ್ಕೆ ಜಾರಿ ಮುಖದ ಕಡೆಗೆ ಬಂದರೆ ಅಲ್ಲಿ ಅದಕ್ಕೂ ಲೋಹಕ್ಕೂ ನಡುವೆ 1.86 ಮಿ.ಮೀ. ಸಂದು. ಸರಳು ಸ್ವಲ್ಪ ಸಡಿಲವಾಗುವುದಲ್ಲ, ಪೂರ್ತಿ ಬಿಡುಗಡೆಯಾಗುತ್ತದೆ, ಅದೂ ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿರುವಾಗ. ಚಪ್ಪಟೆ ಜಾ ಏಣಿನ ಮೇಲೆ ನಿಲ್ಲುವುದು ಗುಡ್ಡದ ತುದಿಯಲ್ಲಿ ನಿಲ್ಲಿಸಿದ ಗುಂಡುಕಲ್ಲಿನಂತಹ ಸಮತೋಲ. ಯಾವ ಕಡೆಗೆ ಅಲುಗಿದರೂ ವಾಪಸು ಬರುವ ದಾರಿಯಿಲ್ಲ. ಆದ್ದರಿಂದ ಷಟ್ಕೋನ ಸರಳನ್ನು ಕಟ್ಟುವ ಕ್ರಮ ದುಂಡಿಗಿಂತ ಬೇರೆ. ಜಾಗಳು ಇನ್ನೇನು ತಾಗಬೇಕು ಎನ್ನುವಾಗ ಒಂದು ಕೈಯಲ್ಲಿ ಸರಳನ್ನು ಅತ್ತಿತ್ತ ತಿರುವುತ್ತಾ ಇನ್ನೊಂದು ಕೈಯಲ್ಲಿ ಕೀ ತಿರುಗಿಸಬೇಕು. ಮುಖಗಳು ಜಾಗೆ ಹೊಂದಿಕೊಂಡ ಗಳಿಗೆಯಲ್ಲಿ ಸರಳು ತಿರುಗುವುದನ್ನು ನಿಲ್ಲಿಸುತ್ತದೆ. ಅದಾದ ಮೇಲೆ ಮಾತ್ರ ಪೂರ್ತಿ ಬಿಗಿ. ಮೂರೂ ಜಾಗಳ ತುದಿಯನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಮುಖದ ಮೇಲೆ ಚಿಪ್ಪಿನ ಚೂರೋ ಕೊಯ್ದ ತುದಿಯ ಬರ್ರೋ ಇದ್ದರೆ ಜಾ ಅದರ ಮೇಲೆಯೇ ನಿಂತು ಮುಖವನ್ನು ಮುಟ್ಟದೇ ಹೋಗಬಹುದು, ಹಾಗಾಗಿ ಒರೆಸುವುದು ಮತ್ತು ಫೈಲ್ ಹಾಕುವುದು ಬಿಗಿ ಮಾಡುವುದಕ್ಕಿಂತ ಮೊದಲಿನ ಕೆಲಸ.

ಜಾ ಮುಖದ ಮೇಲೆ ಸರಿಯಾಗಿ ಕೂತಿತು ಎಂದಿಟ್ಟುಕೊಳ್ಳೋಣ. ಈಗಲಾದರೂ ಸರಳು ತಿರುಗಲು ಸಾಧ್ಯವೇ ಇಲ್ಲ ಎನ್ನಬಹುದೇ? ದುಂಡು ಸರಳಿನಲ್ಲಿ ತಿರುಚುಬಲವನ್ನು ತಡೆಯುವುದು ಘರ್ಷಣೆಯೊಂದೇ. ಪ್ರತಿ ಜಾ 10,000 ನ್ಯೂಟನ್ ಬಲದಿಂದ ಒತ್ತುತ್ತಿದೆ, ಘರ್ಷಣೆಯ ಗುಣಾಂಕ 0.15 ಎಂದು ಹಿಡಿದರೆ 24 ಮಿ.ಮೀ. ದುಂಡಿಗೆ ಸಿಗುವ ತಡೆ 54 ನ್ಯೂಟನ್-ಮೀಟರ್. ಷಟ್ಕೋನದಲ್ಲಿ ಇದರ ಜೊತೆಗೆ ಇನ್ನೊಂದು ತಡೆ ಸೇರುತ್ತದೆ: ಸರಳು ತಿರುಗಬೇಕಾದರೆ ಅದರ ಚಪ್ಪಟೆ ಮುಖವು ಜಾದ ಒಂದು ಅಂಚನ್ನು ಹಿಂದಕ್ಕೆ ತಳ್ಳಲೇಬೇಕು. ಜಾದ ಕಚ್ಚುವ ಮುಖ 10 ಮಿ.ಮೀ. ಅಗಲವಿದ್ದರೆ ಅದೇ ಒತ್ತಡಕ್ಕೆ ಈ ತಡೆ 150 ನ್ಯೂಟನ್-ಮೀಟರ್‌ನಷ್ಟಾಗುತ್ತದೆ. 4 ಮಿ.ಮೀ. ಅಗಲದ ಚೂಪು ಮೂತಿಯ ಜಾ ಆದರೆ ಬರೀ 60. ಅಂದರೆ ಆಕಾರ ಕೊಡುವ ಲಾಭ ಸರಳಿನೊಳಗೆ ತಾನಾಗಿ ಇಲ್ಲ. ಅದು ಜಾದ ಅಗಲದಿಂದ ಬರುತ್ತದೆ. ಚಿಕ್ಕ ವ್ಯಾಸದ ದುಂಡನ್ನು ಹಿಡಿಯಲೆಂದು ಮೂತಿಯನ್ನು ಕಿರಿದು ಮಾಡಿದ ಜಾಗಳು ಷಟ್ಕೋನದ ಮಟ್ಟಿಗೆ ಆ ಲಾಭದ ಬಹುಪಾಲನ್ನು ಬಿಟ್ಟುಕೊಟ್ಟಿವೆ. ಸ್ಕ್ರೋಲ್ ತಾನಾಗಿ ಹಿಂದೆ ತಿರುಗುವುದಿಲ್ಲವಲ್ಲ, ಜಾ ಹೇಗೆ ಹಿಂದೆ ಸರಿದೀತು ಎಂಬ ಆಕ್ಷೇಪಕ್ಕೂ ಲೆಕ್ಕದಲ್ಲಿಯೇ ಉತ್ತರವಿದೆ. 4 ಮಿ.ಮೀ. ಅಗಲದ ಜಾ ಹಿಡಿದ 24 ಮಿ.ಮೀ. ಸರಳು 5 ಡಿಗ್ರಿ ತಿರುಗಲು ಜಾ 0.22 ಮಿ.ಮೀ. ಹಿಂದೆ ಸರಿದರೆ ಸಾಕು. ಸವೆದ ಸ್ಕ್ರೋಲ್, ಸವೆದ ಗಾಡಿ, ಬಾಯಿ ಅಗಲವಾದ ಜಾ ಇವೆಲ್ಲ ಸೇರಿದ ಹಳೆಯ ಚಕ್ಕಿನಲ್ಲಿ ಅಷ್ಟು ಸಡಿಲು ಇರುವುದು ಅಪರೂಪವಲ್ಲ.

ಬಾಯಿ ಅಗಲವಾಗುವುದು ಎಂದರೆ ವರ್ಷಗಟ್ಟಲೆ ತುಂಡು ಜಾಬುಗಳನ್ನು ತುದಿಯಲ್ಲಿ ಮಾತ್ರ ಹಿಡಿದು ಜಾದ ಮುಂಭಾಗ ಸವೆದುಹೋಗುವುದು. ಆಮೇಲೆ ಯಾವ ಸರಳನ್ನು ಹಾಕಿದರೂ ಹಿಡಿತ ಹಿಂದಿನ ತುದಿಯಲ್ಲಿ ಮಾತ್ರ ಸಿಗುತ್ತದೆ, ಟೂಲಿನ ಹತ್ತಿರದ ಮುಂಬದಿ ತೂಗಾಡುತ್ತದೆ. ದುಂಡಿನಲ್ಲಿ ಇದು ಮೇಲ್ಮೈಯ ಒರಟುತನವಾಗಿ, ನಡುಕವಾಗಿ ತಾನೇ ಬಾಯಿಬಿಟ್ಟು ಹೇಳುತ್ತದೆ. ಷಟ್ಕೋನದಲ್ಲಿ ಟೂಲ್ ಹೇಗೂ ಏಣುಗಳಿಗೆ ಬಡಿದು ಸದ್ದು ಮಾಡುತ್ತಿರುವುದರಿಂದ ಈ ದೋಷ ಆ ಸದ್ದಿನೊಳಗೆ ಮುಚ್ಚಿಹೋಗುತ್ತದೆ. ಜಾಗಳನ್ನು ಬಿಗಿಯಾದ ಸ್ಥಿತಿಯಲ್ಲಿಯೇ ಇರಿಸಿ ಗ್ರೈಂಡ್ ಮಾಡಿಸುವುದು ಇದಕ್ಕೆ ಪರಿಹಾರ. ಬಿಗಿ ಇಲ್ಲದೆ ಗ್ರೈಂಡ್ ಮಾಡಿದರೆ ಗಾಡಿಯ ಸಡಿಲು ಹಾಗೆಯೇ ಉಳಿಯುತ್ತದೆ.

ಇನ್ನು ಉದ್ದದ ದಿಕ್ಕು. ಆರು ಮುಖಗಳು ತಿರುಗುವುದನ್ನು ತಡೆಯುತ್ತವೆಯೇ ಹೊರತು ಸರಳು ಒಳಕ್ಕೋ ಹೊರಕ್ಕೋ ಸರಿಯುವುದನ್ನು ಒಂದಿಷ್ಟೂ ತಡೆಯುವುದಿಲ್ಲ. ಆ ದಿಕ್ಕಿನಲ್ಲಿ ಷಟ್ಕೋನವೂ ದುಂಡೂ ಒಂದೇ. ಮೇಲಿನ ಲೆಕ್ಕದ ಚಕ್ಕಿನಲ್ಲಿ ಉದ್ದಕ್ಕೆ ಸಿಗುವ ತಡೆ 4,500 ನ್ಯೂಟನ್. ಮೈಲ್ಡ್ ಸ್ಟೀಲಿಗೆ ದೊಡ್ಡ ಡ್ರಿಲ್ ಇಳಿಸುವಾಗಿನ ಒತ್ತಡ ಹಲವು ಸಾವಿರ ನ್ಯೂಟನ್‌ಗೆ ಮುಟ್ಟುತ್ತದೆ, ಅಂದರೆ ಹಿಡಿತದ ಮಿತಿಯ ನೆರೆಯಲ್ಲಿಯೇ ಓಡಾಡುತ್ತದೆ. ಟ್ಯಾಪನ್ನು ಹಿಂದಕ್ಕೆ ತೆಗೆಯುವಾಗ, ಸಿಕ್ಕಿಕೊಂಡ ಡ್ರಿಲ್ಲನ್ನು ಎಳೆಯುವಾಗ ಬಲ ಹೊರಮುಖವಾಗಿರುತ್ತದೆ. ತಿರುಗಲಾರದು ಎಂಬ ಭರವಸೆಯಲ್ಲಿ ಚಕ್ಕನ್ನು ಹಗುರಾಗಿ ಬಿಗಿ ಮಾಡುವ ಅಭ್ಯಾಸ ಇಲ್ಲಿಯೇ ಸೋಲುತ್ತದೆ. ಸರಳು ಕೂದಲೆಳೆಯಷ್ಟು ಒಳಸರಿದರೂ ಉದ್ದದ ಅಳತೆಗಳೆಲ್ಲ ಕೆಡುತ್ತವೆ. ಸ್ಪಿಂಡಲಿನ ಒಳಗೆ ಒಂದು ಸ್ಟಾಪ್ ಇಟ್ಟು ಸರಳಿನ ಹಿಂತುದಿ ಅದಕ್ಕೆ ಆನಿಕೊಳ್ಳುವಂತೆ ಮಾಡಿದರೆ ಒಳಸರಿಯುವ ಪ್ರಶ್ನೆ ಮುಗಿಯುತ್ತದೆ. ಹೊರಗೆ ಬರುವುದಕ್ಕೆ ಬಿಗಿ ಮತ್ತು ಹಿಡಿತದ ಉದ್ದ, ಇವೆರಡೇ ಉತ್ತರ.

ಷಟ್ಕೋನದ ವಿಷಯ ಬಂದಾಗ ಅನುಭವಿ ಟರ್ನರ್‌ಗಳಲ್ಲಿ ಹಲವರು ಫೋರ್ ಜಾ ಚಕ್ಕಿನ ಪರ ವಾದಿಸುತ್ತಾರೆ. ಅದರ ಪ್ರತಿ ಜಾ ಬೇರೆಬೇರೆಯಾಗಿ ಸರಿಯುತ್ತದೆ, ಬಿಗಿ ಹೆಚ್ಚು ಸಿಗುತ್ತದೆ, ಡಯಲ್ ಇಟ್ಟು ಸೆಂಟರನ್ನು ಬೇಕಾದಷ್ಟು ನಿಖರವಾಗಿ ತರಬಹುದು. ಈ ಮೂರೂ ನಿಜ. ಚೌಕ ಸರಳಿಗೆ, ಅಡ್ಡಾದಿಡ್ಡಿ ಎರಕಕ್ಕೆ ಅದಕ್ಕೆ ಸಾಟಿಯಿಲ್ಲ. ಆದರೆ ಷಟ್ಕೋನಕ್ಕೆ ಆಕಾರವೇ ಒಗ್ಗುವುದಿಲ್ಲ: ಎದುರುಬದುರಾದ ಎರಡು ಮುಖಗಳನ್ನು ಎರಡು ಜಾಗಳು ಹಿಡಿದರೆ, ಅವಕ್ಕೆ 90 ಡಿಗ್ರಿಯಲ್ಲಿರುವ ಇನ್ನೆರಡು ಜಾಗಳಿಗೆ ಸಿಗುವುದು ಏಣುಗಳು. ಮೊದಲ ಜೋಡಿ ಸರಳಿನ ದಿಕ್ಕನ್ನು ಕಟ್ಟಿಹಾಕುವುದರಿಂದ ಇಲ್ಲಿ ಏಣು ಉರುಳಿಹೋಗುವ ಭಯವಿಲ್ಲ, ಒಪ್ಪಬೇಕಾದ ಮಾತು. ಆದರೆ ಒಂದು ಗೆರೆಯಷ್ಟು ಜಾಗದಲ್ಲಿ ಎಲ್ಲ ಒತ್ತಡ ಬಿದ್ದು ಏಣು ನುಜ್ಜಾಗುತ್ತದೆ. ನುಜ್ಜಾದಷ್ಟೂ ಆ ಜೋಡಿಯ ಬಿಗಿ ಇಳಿಯುತ್ತದೆ, ಮುಗಿದ ಜಾಬಿನ ಮೇಲೆ ಗುರುತೂ ಉಳಿಯುತ್ತದೆ. ಏಣಿಗೆ 120 ಡಿಗ್ರಿಯ ವಿ ಆಕಾರದ ಹಿತ್ತಾಳೆ ತುಂಡನ್ನು ಜಾಗೂ ಸರಳಿಗೂ ನಡುವೆ ಇಟ್ಟರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ, ಏಕೆಂದರೆ ಷಟ್ಕೋನದ ಒಳಕೋನವೇ 120 ಡಿಗ್ರಿ. ಸೆಂಟರನ್ನು ಬೇಕೆಂದೇ ಪಕ್ಕಕ್ಕೆ ಸರಿಸಿ ಕಡೆಯಬೇಕಾದ ಎಕ್ಸೆಂಟ್ರಿಕ್ ಜಾಬಿಗೆ, ಒಂದೆರಡು ತುಂಡುಗಳ ನಿಖರ ಕೆಲಸಕ್ಕೆ ಈ ಶ್ರಮ ಸಾರ್ಥಕ. ದಿನನಿತ್ಯದ ಕೆಲಸಕ್ಕೆ ತ್ರೀ ಜಾ ಚಕ್ಕೇ ಸರಿ, ಮತ್ತು ಅದು ಸೋಮಾರಿಯ ಆಯ್ಕೆಯಲ್ಲ.

ಆರು ಮುಖಕ್ಕೆ ಆರು ಜಾ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಒಳಗೆ ಟೊಳ್ಳಾದ, ತೆಳುಗೋಡೆಯ ಷಟ್ಕೋನಕ್ಕೆ ಖಂಡಿತ ಒಳ್ಳೆಯದು. ಒತ್ತಡ ಹಂಚಿಹೋಗಿ ಗೋಡೆ ಒಳಬಾಗುವುದು ಕಡಿಮೆಯಾಗುತ್ತದೆ. ಗಟ್ಟಿ ಸರಳಿಗೆ ಲಾಭ ಅಷ್ಟಿಲ್ಲ. ಮೂರು ಜಾ ಯಾವ ಸರಳನ್ನಾದರೂ ಪೂರ್ತಿಯಾಗಿ ಮುಟ್ಟುತ್ತದೆ. ಆರು ಜಾಗಳು ಒಟ್ಟಿಗೆ ಮುಟ್ಟಬೇಕಾದರೆ ಮೂರು ಜೋಡಿ ಮುಖಗಳ ಅಳತೆ ಒಂದೇ ಇರಬೇಕು, ನಿಜವಾದ ಸರಳಿನಲ್ಲಿ ಹಾಗಿರುವುದಿಲ್ಲ.

ನಿಜವಾದ ಸರಳು ಎಂದಾಗ ಅದು ಹೇಗೆ ತಯಾರಾಗುತ್ತದೆ ಎಂಬುದನ್ನೂ ಹೇಳಬೇಕು. ಲೇತ್ ಕೆಲಸಕ್ಕೆ ಬರುವ ಷಟ್ಕೋನ ಹೆಚ್ಚಾಗಿ ಬ್ರೈಟ್ ಬಾರ್, ಅಂದರೆ ತಣ್ಣಗಿರುವಾಗಲೇ ಅಚ್ಚಿನ ಬಾಯಿಯ ಮೂಲಕ ಎಳೆದದ್ದು. ಯುರೋಪಿನ ಮಾನಕದಲ್ಲಿ ಇದಕ್ಕೆ ಸಾಮಾನ್ಯವಾಗಿ ಎಚ್11 ದರ್ಜೆಯ ಮಿತಿ: 24 ಮಿ.ಮೀ. ಸರಳು 0.13 ಮಿ.ಮೀ.ವರೆಗೆ ಕಡಿಮೆ ಇರಬಹುದು. ಉದ್ದಕ್ಕೂ ಸ್ವಲ್ಪ ತಿರುಚು, ಸ್ವಲ್ಪ ಬಾಗು ಇರುತ್ತದೆ. ಏಣುಗಳು ಚೂಪಾಗಿರದೆ ಉರುಟಾಗಿರುತ್ತವೆ, ಆ ಉರುಟು ಆರರಲ್ಲೂ ಒಂದೇ ಸಮನಾಗಿರುವುದಿಲ್ಲ. ಬಿಸಿಯಾಗಿ ಉರುಳಿಸಿದ ಕಪ್ಪು ಸರಳಿನಲ್ಲಿ ಇವೆಲ್ಲ ಇನ್ನೂ ಹೆಚ್ಚು. ಹೀಗಿರುವಾಗ ಸರಳಿನಲ್ಲಿ ನಂಬಬಹುದಾದದ್ದು ಮುಖಗಳು ಮಾತ್ರ. ಅಚ್ಚು ನಿಯಂತ್ರಿಸುವುದು ಮುಖದಿಂದ ಮುಖದ ಅಳತೆಯನ್ನು. ಮಾನಕ ಕಾಯುವುದೂ ಅದನ್ನೇ.

ಕಾಲೆಟ್‌ಗಳ ವಿಷಯದಲ್ಲಿ ಈ ಮಾತು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಷಟ್ಕೋನದ ತೂತಿರುವ ಕಾಲೆಟ್ ಆರೂ ಮುಖಗಳನ್ನು ಸಾಕಷ್ಟು ಉದ್ದಕ್ಕೆ ಸುತ್ತುವರಿದು ಹಿಡಿಯುತ್ತದೆ, ಗುರುತು ಬೀಳುವುದಿಲ್ಲ, ತೂಗಾಡುವ ಭಾರವಾದ ಜಾಗಳಿಲ್ಲ. ಒಂದೇ ಅಳತೆಯ ನೂರಾರು ತುಂಡು ತೆಗೆಯಬೇಕಾದಲ್ಲಿ ಇದಕ್ಕಿಂತ ಉತ್ತಮವಾದ ಹಿಡಿತ ಇಲ್ಲ. ಜರ್ಮನಿಯ ಟ್ರಾಬ್ ಕಂಪನಿಯ ಹೆಸರೇ ನಮ್ಮಲ್ಲಿ ಒಂದು ಬಗೆಯ ಯಂತ್ರದ ಹೆಸರಾಗಿದೆ. ಕ್ಯಾಮ್‌ಗಳಿಂದ ನಡೆಯುವ ಒಂಟಿ ಸ್ಪಿಂಡಲಿನ ಆ ಆಟೋಮ್ಯಾಟಿಕ್ ಲೇತುಗಳು ಬೆಂಗಳೂರಿನ ಪೀಣ್ಯದ ಸಣ್ಣ ಘಟಕಗಳಲ್ಲಿಯೂ ಗುಜರಾತಿನ ಜಾಮ್‌ನಗರದ ಹಿತ್ತಾಳೆ ಬಿಡಿಭಾಗಗಳ ಕಾರ್ಖಾನೆಗಳಲ್ಲಿಯೂ ಷಟ್ಕೋನ ಸರಳನ್ನು ನುಂಗಿ ನಿಪ್ಪಲ್, ನಟ್ಟುಗಳನ್ನು ಉದುರಿಸುತ್ತಿರುವುದು ಇಂತಹ ಕಾಲೆಟ್‌ಗಳ ಬಲದಿಂದಲೇ. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್ಎಂಟಿ ಸಂಸ್ಥೆಗಳ ಲೇತುಗಳಂತಹ ಸಾಮಾನ್ಯ ಯಂತ್ರಗಳ ಮೇಲೆ ದುಡಿಯುವ ಅಂಗಡಿಗಳಲ್ಲಾದರೋ ಪ್ರತಿ ಅಳತೆಗೊಂದು ಕಾಲೆಟ್ ಕೊಂಡಿಡುವುದು ದುಬಾರಿ. ಅದರ ಮೇಲೆ ಷಟ್ಕೋನ ಕಾಲೆಟ್‌ಗೆ ಹಿಗ್ಗುವ ಕುಗ್ಗುವ ಅವಕಾಶ ಬಹಳ ಕಡಿಮೆ. ಮಿತಿಯ ಕೆಳತುದಿಯಲ್ಲಿರುವ ಸರಳು ಬಂದರೆ ಕಾಲೆಟ್ ಮುಂಬಾಯಿಯಲ್ಲಷ್ಟೇ ಕಚ್ಚುತ್ತದೆ. ಕಾಲೆಟ್ ಹಾಕಿದ್ದೇವೆ ಎಂಬ ನೆಮ್ಮದಿಯೊಂದೇ ಉಳಿಯುತ್ತದೆ. ಸರಳಿನ ಪ್ರತಿ ಹೊಸ ಕಟ್ಟು ಬಂದಾಗ ಮೈಕ್ರೋಮೀಟರ್ ಇಟ್ಟು ನೋಡುವುದು ಇಲ್ಲಿ ತಪ್ಪಿಸಲಾಗದ ಕ್ರಮ.

ಷಟ್ಕೋನ ಕಾಲೆಟ್ ಇಲ್ಲದಿದ್ದಾಗ ದುಂಡು ತೂತಿನ ಇಆರ್ ಕಾಲೆಟ್‌ನಲ್ಲಿ ಷಟ್ಕೋನವನ್ನು ಹಿಡಿಯುವವರಿದ್ದಾರೆ. ಅದರಲ್ಲಿ ಹಿಡಿತ ಏಣುಗಳ ಮೇಲೆ. ಕಾಲೆಟ್‌ನ ಸೀಳುಗಳ ಸಂಖ್ಯೆ ಆರಕ್ಕೆ ಹೊಂದದಿದ್ದರೆ ಕೆಲವು ಏಣುಗಳು ಲೋಹದ ಮೇಲೂ ಕೆಲವು ಸೀಳಿನ ಬಳಿಯೂ ಬೀಳುತ್ತವೆ. ಒಳಮೈಯಲ್ಲಿ ಗೀರು ಬಿದ್ದು ಆ ಕಾಲೆಟ್ ಆಮೇಲೆ ದುಂಡು ಸರಳಿಗೂ ನಂಬಿಕೆಗೆ ಬಾರದಂತಾಗುತ್ತದೆ. ಇದಕ್ಕಿಂತ ವಾಸಿಯಾದದ್ದು ಸೀಳು ಬುಷ್: ಏಣಿನಿಂದ ಏಣಿನ ಅಳತೆಗೆ ಬೋರ್ ಮಾಡಿ ಒಂದು ಕಡೆ ಉದ್ದಕ್ಕೆ ಸೀಳಿದ ಉಂಗುರ. ಸರಳನ್ನು ಅದರೊಳಗೆ ತೂರಿಸಿ ಚಕ್ಕಿನಲ್ಲಿ ಹಿಡಿದರೆ ಆರೂ ಏಣುಗಳು ಉದ್ದಕ್ಕೆ ಆತುಕೊಳ್ಳುತ್ತವೆ. ಹಗುರ ಕೆಲಸಕ್ಕೆ, ಮುಖದ ಮೇಲೆ ಜಾದ ಗುರುತು ಬೀಳಬಾರದ ಹಿತ್ತಾಳೆಗೆ ಇದು ಸಾಕು. ಆದರೆ ಹೀಗೆ ಹಿಡಿದಾಗ ತಿರುಚನ್ನು ತಡೆಯುವುದು ಮತ್ತೆ ಘರ್ಷಣೆಯೊಂದೇ ಎಂಬುದನ್ನು, ನಡು ನಿಶ್ಚಯವಾಗುವುದು ಉರುಟಾದ ಏಣುಗಳಿಂದ ಎಂಬುದನ್ನು ಮರೆಯಬಾರದು. ಬುಷ್ಷಿಗೆ ಷಟ್ಕೋನದ ತೂತನ್ನೇ ಮಾಡಿಸಿಕೊಂಡರೆ ಮಾತು ಬೇರೆ.

ಸೆಂಟರಿನ ನಿಖರತೆಗೆ ಎಷ್ಟು ಮಹತ್ವ ಕೊಡಬೇಕು? ಒಳ್ಳೆಯ ಸ್ಥಿತಿಯಲ್ಲಿರುವ ತ್ರೀ ಜಾ ಚಕ್ಕಿನಲ್ಲಿಯೂ ಡಯಲ್ 0.05ರಿಂದ 0.10 ಮಿ.ಮೀ. ಔಟ್ ತೋರಿಸುವುದುಂಟು, ಹಳೆಯದರಲ್ಲಿ ಹೆಚ್ಚು. ಇದನ್ನೇ ಮುಂದಿಟ್ಟು ಷಟ್ಕೋನಕ್ಕೆ ತ್ರೀ ಜಾ ಬೇಡವೆನ್ನುವುದು ಸರಿಯಲ್ಲ. ಒಂದೇ ಹಿಡಿತದಲ್ಲಿ ಹೊರಮೈ, ಮರೆ, ತೂತು ಎಲ್ಲವನ್ನೂ ಮುಗಿಸಿದರೆ ಅವೆಲ್ಲ ಒಂದೇ ಅಕ್ಷಕ್ಕೆ ಸೇರಿರುತ್ತವೆ. ಔಟ್ ಆಗಿರುವುದು ಸ್ಪ್ಯಾನರ್ ಹಿಡಿಯುವ ಷಟ್ಕೋನ ಮಾತ್ರ, ಅದಕ್ಕೆ 0.10 ಮಿ.ಮೀ. ಲೆಕ್ಕಕ್ಕೇ ಇಲ್ಲ. ತೊಂದರೆ ಬರುವುದು ಜಾಬನ್ನು ತಿರುಗಿಸಿ ಇನ್ನೊಂದು ತುದಿಗೆ ಕೆಲಸ ಮಾಡುವಾಗ. ಆಗ ಮತ್ತೆ ಷಟ್ಕೋನವನ್ನೇ ಹಿಡಿದರೆ ಹಿಂದಿನ ಔಟ್ ಇನ್ನೊಂದು ದಿಕ್ಕಿನಿಂದ ಸೇರಿ ಎರಡು ತುದಿಗಳ ತೂತುಗಳು ಒಂದಕ್ಕೊಂದು ತಪ್ಪುತ್ತವೆ. ಮೊದಲ ಸಲ ಕಡೆದ ದುಂಡು ಭಾಗವನ್ನು ಅದೇ ಅಳತೆಗೆ ಬೋರ್ ಮಾಡಿದ ಸಾಫ್ಟ್ ಜಾಗಳಲ್ಲಿ ಹಿಡಿಯುವುದು, ಅಥವಾ ಮರೆ ಹಾಕಿದ ಮ್ಯಾಂಡ್ರಲ್‌ಗೆ ಜಾಬನ್ನು ತಿರುಪಿ ಕೂರಿಸುವುದು ಸರಿಯಾದ ದಾರಿ. ಷಟ್ಕೋನವನ್ನೇ ಹಿಡಿಯಬೇಕಾದ ಅನಿವಾರ್ಯವಿದ್ದರೆ ಸಾಫ್ಟ್ ಜಾಗಳಲ್ಲಿ 120 ಡಿಗ್ರಿಯ ವಿ ಗಾಡಿಗಳನ್ನು ಮಿಲ್ ಮಾಡಿಸಿಕೊಳ್ಳಬಹುದು. ಮೂರು ವಿಗಳು ಆರೂ ಮುಖಗಳನ್ನು ಮುಟ್ಟುತ್ತವೆ, ಏಣಿನ ತುದಿಗೆ ಜಾಗ ಬಿಟ್ಟಿರುವುದರಿಂದ ಅದರ ಉರುಟು ಅಡ್ಡ ಬರುವುದಿಲ್ಲ.

ಹಿಡಿತವನ್ನು ಪರೀಕ್ಷೆಗೆ ಒಡ್ಡುವುದು ಟೂಲ್. ನಿಮಿಷಕ್ಕೆ 800 ಸುತ್ತಿನಲ್ಲಿ ಷಟ್ಕೋನದ ಆರು ಏಣುಗಳು ಸೆಕೆಂಡಿಗೆ 80 ಸಲ ಟೂಲಿಗೆ ಬಡಿಯುತ್ತವೆ. ಈ ಬಡಿತ ಟೂಲಿನ ಮೂತಿಗಿಂತ ಹೆಚ್ಚಾಗಿ ಜಾದ ಕೂರುವಿಕೆಯನ್ನು ಕಾಡುತ್ತದೆ. ಭಯಪಟ್ಟು ಅರ್ಧ ಅರ್ಧ ಮಿ.ಮೀ. ತೆಗೆಯುತ್ತಾ ಹೋಗುವುದು ಸುರಕ್ಷಿತವೆಂದು ತೋರಿದರೂ ಅದು ಬಡಿತದ ಕಾಲವನ್ನು ಬೆಳೆಸುವ ಕ್ರಮ. 24 ಮಿ.ಮೀ. ಸರಳನ್ನು 22 ಮಿ.ಮೀ. ದುಂಡಿಗೆ ತರಬೇಕಾದರೆ ಮೊದಲ ಸಲವೇ ಮುಖದ ಮಟ್ಟಕ್ಕಿಂತ ಕೆಳಗೆ ಇಳಿಯುವುದು ಮೇಲು: ಆಗ ಆಳ ಮುಖದ ನಡುವೆ 1 ಮಿ.ಮೀ., ಏಣಿನಲ್ಲಿ 2.86 ಮಿ.ಮೀ. ಇದ್ದು ಟೂಲ್ ಎಲ್ಲಿಯೂ ಲೋಹವನ್ನು ಬಿಟ್ಟು ಗಾಳಿಗೆ ಬರುವುದಿಲ್ಲ. ಬಲ ಏರಿಳಿಯುತ್ತದೆ, ಆದರೆ ಸೊನ್ನೆಗೆ ಬಿದ್ದು ಮತ್ತೆ ಬಡಿಯುವುದಿಲ್ಲ. ಅಷ್ಟು ಆಳ ಯಂತ್ರಕ್ಕೆ ಹೊರೆಯಾದೀತೆಂದರೆ ಫೀಡ್ ಇಳಿಸಬೇಕೇ ಹೊರತು ಆಳವನ್ನಲ್ಲ. ಸರಳಿನ ತುದಿಗೆ ಮೊದಲೇ ಚೇಂಫರ್ ಕೊಟ್ಟರೆ ಟೂಲ್ ಒಮ್ಮೆಲೇ ಏಣಿಗೆ ಗುದ್ದದೆ ಮೆಲ್ಲಗೆ ಒಳಸೇರುತ್ತದೆ. ಚಕ್ಕಿನಿಂದ ಹೊರಚಾಚಿದ ಉದ್ದ ಅಳತೆಯ ಮೂರು ಪಟ್ಟು ಮೀರಿದರೆ ಟೈಲ್‌ಸ್ಟಾಕ್ ಸೆಂಟರಿನ ಆಸರೆ ಬೇಕೇ ಬೇಕು. ಒಂದೆರಡು ಸಲ ಟೂಲ್ ಹಾಯಿಸಿದ ಮೇಲೆ ಯಂತ್ರ ನಿಲ್ಲಿಸಿ ಚಕ್ಕನ್ನು ಮತ್ತೊಮ್ಮೆ ಬಿಗಿ ಮಾಡುವುದು ದುಂಡಿಗಿಂತ ಷಟ್ಕೋನಕ್ಕೆ ಹೆಚ್ಚು ಅಗತ್ಯ, ಏಕೆಂದರೆ ಬಡಿತಕ್ಕೆ ಮುಖದ ಮೇಲಿನ ಸಣ್ಣ ಉಬ್ಬುಗಳು ಅಮರಿ ಜಾಗೆ ಸ್ವಲ್ಪ ದಾರಿ ಬಿಟ್ಟಿರುತ್ತವೆ.

ವೇಗವೂ ಹಿಡಿತವನ್ನು ತಿನ್ನುತ್ತದೆ. ಅರ್ಧ ಕಿಲೋ ತೂಕದ ಜಾ ನಡುವಿನಿಂದ 60 ಮಿ.ಮೀ. ದೂರದಲ್ಲಿದ್ದರೆ 1,000 ಸುತ್ತಿನಲ್ಲಿ ಅದನ್ನು ಹೊರಕ್ಕೆ ಎಳೆಯುವ ಬಲ ಸುಮಾರು 330 ನ್ಯೂಟನ್. 3,000 ಸುತ್ತಿನಲ್ಲಿ ಅದು ಒಂಬತ್ತು ಪಟ್ಟಾಗಿ 2,960 ನ್ಯೂಟನ್ ಮುಟ್ಟುತ್ತದೆ. ಅಷ್ಟೂ ಜಾದ ಒತ್ತಡದಿಂದ ಕಳೆದುಹೋಗುವ ಬಲ. ಉದ್ದನೆಯ ಸರಳು ಸ್ಪಿಂಡಲಿನ ಹಿಂಬದಿಯಿಂದ ಹೊರಬಂದಿದ್ದರೆ ವೇಗದ ಅಪಾಯ ಅಲ್ಲಿ ಇನ್ನೂ ದೊಡ್ಡದು. ಆಸರೆಯಿಲ್ಲದ ಆ ತುದಿ ಒಂದು ಹಂತದಲ್ಲಿ ಬಾಗಿ ಚಾಟಿಯಾಗಿ ಸುತ್ತಲಿನವರಿಗೆ ಹೊಡೆಯುತ್ತದೆ. ಇಂತಹ ಅಪಘಾತಗಳಲ್ಲಿ ಪ್ರಾಣವೇ ಹೋಗಿದೆ. ಷಟ್ಕೋನ ಸರಳು ದುಂಡು ಕೊಳವೆಯೊಳಗೆ ಓಡುವಾಗ ಏಣುಗಳು ಗೋಡೆಗೆ ಬಡಿದು ಎಬ್ಬಿಸುವ ನಡುಕ ಚಕ್ಕಿನ ತನಕ ಬರುತ್ತದೆ. ಸ್ಪಿಂಡಲಿನ ಬೋರಿಗೆ ಏಣಿನ ಅಳತೆಗೆ ಹೊಂದುವ ಪ್ಲಾಸ್ಟಿಕ್ ಅಥವಾ ನೈಲಾನ್ ಬುಷ್ ಒಂದೆರಡು ಕಡೆ ತೂರಿಸಿದರೆ ಸರಳು ನಡುವಿನಲ್ಲಿ ನಿಲ್ಲುತ್ತದೆ, ಸದ್ದೂ ತಗ್ಗುತ್ತದೆ. ಬಾರ್ ಫೀಡರ್ ಇಲ್ಲದ ಲೇತಿನಲ್ಲಿ ಸರಳನ್ನು ಸ್ಪಿಂಡಲಿನ ಉದ್ದಕ್ಕೆ ಮೀರದಂತೆ ಮೊದಲೇ ಕೊಯ್ದುಕೊಳ್ಳಬೇಕು. ಕೊನೆಯಲ್ಲಿ ಚಕ್ಕಿಗೆ ಸಿಗದೆ ಉಳಿಯುವ ತುಂಡುಗಳ ನಷ್ಟವನ್ನು ಜಾಬಿನ ಬೆಲೆಯಲ್ಲಿಯೇ ಸೇರಿಸಿಕೊಳ್ಳಬೇಕು.